ಹೊಟ್ಟೆಯೊಳಗೊಂದು ಮಣಿಕಟ್ಟು

ಲ್ಯಾಪರೊಸ್ಕೋಪಿ ಕಲಿಯಲು ಹೊರಟ ಸರ್ಜನ್‌ಗೆ ಮೊದಮೊದಲು ಎಲ್ಲವೂ ತಿರುಗುಮುರುಗು. ಹೊಟ್ಟೆಯ ಮೇಲಿನ ಚಿಕ್ಕ ರಂಧ್ರದ ಮೂಲಕ ಉದ್ದನೆಯ ಸಲಕರಣೆ ಒಳಗೆ ಹೋಗಿರುತ್ತದೆ. ಆ ರಂಧ್ರವೇ ಅದಕ್ಕೆ ಆನಿಕೆ. ಹಾಗಾಗಿ ಕೈ ಎಡಕ್ಕೆ ಸರಿದರೆ ಒಳಗಿನ ತುದಿ ಬಲಕ್ಕೆ ಸರಿಯುತ್ತದೆ, ಕೈ ಮೇಲೆತ್ತಿದರೆ ತುದಿ ಕೆಳಗಿಳಿಯುತ್ತದೆ. ಇದು ಹೇಗೋ ರೂಢಿಯಾಗುತ್ತದೆ. ಕೊನೆಯವರೆಗೂ ಕಾಡುವುದು ಮಣಿಕಟ್ಟಿಲ್ಲದ ಕಷ್ಟ. ಬಾಗಿದ ಸೂಜಿಯನ್ನು ಅಂಗಾಂಶಕ್ಕೆ ಚುಚ್ಚಿ, ತಿರುಗಿಸಿ, ಆಚೆ ಬದಿಯಿಂದ ಎಳೆದುಕೊಳ್ಳುವ ಕೆಲಸವನ್ನು ನೆಟ್ಟಗಿನ ಕಡ್ಡಿಯಿಂದ ಮಾಡಿಸುವುದು ಸುಲಭವಲ್ಲ.

2000ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಪಡೆದ ‘ಡಾ ವಿಂಚಿ’ ಯಂತ್ರ ಬಿಡಿಸಿದ್ದು ಮುಖ್ಯವಾಗಿ ಈ ಗಂಟನ್ನು. ಅದರ ಸಲಕರಣೆಯ ದಪ್ಪ ಸುಮಾರು 8 ಮಿಲಿಮೀಟರ್. ತುದಿಯಲ್ಲೊಂದು ಪುಟ್ಟ ಮಣಿಕಟ್ಟು. ಕಡ್ಡಿಯೊಳಗಿಂದ ಹಾದುಬಂದ ತೆಳು ಲೋಹದ ತಂತಿಗಳು ಎಳೆದಂತೆಲ್ಲ ಅದು ಬಾಗುತ್ತದೆ, ಹೊರಳುತ್ತದೆ. ಸರ್ಜನ್ ಅದೇ ಕೋಣೆಯಲ್ಲಿ, ರೋಗಿಯಿಂದ ತುಸು ದೂರದ ಕನ್ಸೋಲ್‌ನಲ್ಲಿ ಕೂತು, ಮೂರು ಆಯಾಮದ ಚಿತ್ರ ನೋಡುತ್ತ ಬೆರಳಾಡಿಸುತ್ತಾರೆ. ಈಗ ಎಡವೆಂದರೆ ಎಡವೇ. ಕೈ 3 ಸೆಂಟಿಮೀಟರ್ ಸರಿದರೆ ತುದಿ 1 ಸೆಂಟಿಮೀಟರ್ ಮಾತ್ರ ಸರಿಯುವಂತೆ ಹೊಂದಿಸಿಕೊಳ್ಳಬಹುದು. ಕೈನಡುಕವನ್ನು ಕಂಪ್ಯೂಟರ್ ಸೋಸಿಬಿಡುತ್ತದೆ. ಜಾಹೀರಾತು ಏನೇ ಹೇಳಲಿ, ಈ ಯಂತ್ರ ತಾನಾಗಿ ಒಂದು ಹೊಲಿಗೆಯನ್ನೂ ಹಾಕುವುದಿಲ್ಲ.

ಆದರೆ ಲ್ಯಾಪರೊಸ್ಕೋಪಿಯಲ್ಲಿ ಅಷ್ಟಿಷ್ಟು ಉಳಿದಿದ್ದ ಸ್ಪರ್ಶವೂ ಇದರಲ್ಲಿ ಹೋಯಿತು. ಗಂಟು ಹಾಕುವಾಗ ದಾರ ಎಷ್ಟು ಬಿಗಿದಿದೆಯೆಂದು ಬೆರಳಿಗೆ ತಿಳಿಯದು. ತುಸು ಜೋರಾಯಿತೋ, ದಾರ ತುಂಡಾಗುತ್ತದೆ, ಇಲ್ಲವೇ ಅಂಗಾಂಶ ಹರಿಯುತ್ತದೆ. ಪಳಗಿದವರು ಕಣ್ಣಳತೆಯಲ್ಲೇ ನಿಭಾಯಿಸುತ್ತಾರೆ: ಅಂಗಾಂಶ ಎಷ್ಟು ಕುಗ್ಗಿತು, ಬಿಳಿಚಿಕೊಂಡಿತೇ, ದಾರದ ಸಡಿಲ ಹೋಯಿತೇ. ಒಳಗಿನ ಎಳೆತವನ್ನು ಬೆರಳಿಗೆ ಮುಟ್ಟಿಸುವ ಸಲಕರಣೆ ಡಾ ವಿಂಚಿಗೆ ಬಂದದ್ದು 2024ರಲ್ಲಿ ಒಪ್ಪಿಗೆ ಪಡೆದ ಐದನೆಯ ಮಾದರಿಯಲ್ಲಿ. ಇಷ್ಟು ತಡವಾದದ್ದು ನನಗೆ ಸೋಜಿಗವೇ.

ಸರ್ಜನ್‌ಗೆ ಸಿಕ್ಕ ಅನುಕೂಲವೆಲ್ಲ ರೋಗಿಗೂ ಸಿಕ್ಕಿತೇ? ಗುದನಾಳದ ಕ್ಯಾನ್ಸರ್ ಇದ್ದ 471 ಮಂದಿಯ ಮೇಲೆ ನಡೆದು 2017ರಲ್ಲಿ ಪ್ರಕಟವಾದ ‘ರೋಲಾರ್’ ಅಧ್ಯಯನ ನೋಡಿದ್ದು, ಅರ್ಧದಲ್ಲಿ ಬಿಟ್ಟು ಹೊಟ್ಟೆ ಕೊಯ್ಯಬೇಕಾದ ಪ್ರಸಂಗ ಎಷ್ಟು ಬಂತು ಎಂದು. ಮಾಮೂಲಿ ಲ್ಯಾಪರೊಸ್ಕೋಪಿಗಿಂತ ಗಣನೀಯವಾಗಿ ಕಡಿಮೆಯೇನೂ ಆಗಲಿಲ್ಲ.

ಖರ್ಚಂತೂ ಹೆಚ್ಚು. ಯಂತ್ರದ ಬೆಲೆ ಒಂದು ಕಡೆ. ಪ್ರತಿ ಸಲಕರಣೆಯೊಳಗೆ ಬಳಕೆಯ ಲೆಕ್ಕವಿಡುವ ಚಿಪ್ ಇನ್ನೊಂದು ಕಡೆ. ಬಹಳ ವರ್ಷ ಹೆಚ್ಚಿನವುಗಳ ಆಯಸ್ಸು 10 ಆಪರೇಷನ್ ಇತ್ತು. ಈಚೆಗೆ ಕೆಲವಕ್ಕೆ 18ರವರೆಗೆ ಏರಿಸಿದ್ದಾರೆ. ಲೆಕ್ಕ ಮುಗಿದ ಮೇಲೆ ಕತ್ತರಿ ಎಷ್ಟೇ ಹರಿತವಾಗಿರಲಿ, ಯಂತ್ರ ಅದನ್ನು ಕೆಲಸಕ್ಕೆ ಸೇರಿಸಿಕೊಳ್ಳುವುದಿಲ್ಲ.