ಸೋತವರಿಗೂ ಮುಂದಿನ ಶುಕ್ರವಾರ ಪಂದ್ಯ ಇದೆ

ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ ಎರಡು ವರ್ಷಕ್ಕೊಮ್ಮೆ, ಫೆಬ್ರವರಿ ಆರಂಭದ ಒಂದು ಬೆಳಿಗ್ಗೆ ಹೈಸ್ಕೂಲ್ ಕೋಚ್‌ಗಳೆಲ್ಲ ತಂತಮ್ಮ ಪ್ರದೇಶದ ಶಿಕ್ಷಣ ಸೇವಾ ಕೇಂದ್ರದಲ್ಲಿ ಸೇರುತ್ತಾರೆ. ಒಂದು ಪಟ್ಟಿಗಾಗಿ ಕಾಯುತ್ತಾರೆ. ಮುಂದಿನ ಎರಡು ವರ್ಷ ತಮ್ಮ ಶಾಲೆ ಯಾವ ದರ್ಜೆಯಲ್ಲಿ, ಯಾವ ಗುಂಪಿನಲ್ಲಿ, ಯಾರ್‍ಯಾರ ಎದುರು ಆಡಬೇಕು ಎಂಬುದೆಲ್ಲ ಆ ಪಟ್ಟಿಯಲ್ಲಿರುತ್ತದೆ. ಪಕ್ಕದೂರಿನ ಶಾಲೆಗಳೇ ಸಿಕ್ಕವರಿಗೆ ನಿರಾಳ. ನೂರಾರು ಕಿಲೋಮೀಟರ್ ಬಸ್ ಪ್ರಯಾಣ ಪಾಲಿಗೆ ಬಂದವರ ಮುಖ ಬಾಡುತ್ತದೆ. ಪಟ್ಟಿ ಕೈಗೆ ಬಂದ ಮರುಕ್ಷಣವೇ ಕೋಚ್‌ಗಳು ಕ್ಯಾಲೆಂಡರ್ ಹಿಡಿದು ಒಬ್ಬರನ್ನೊಬ್ಬರು ಹುಡುಕಿಕೊಂಡು ಹೋಗುತ್ತಾರೆ. 'ಸೆಪ್ಟೆಂಬರ್ ಎರಡನೇ ಶುಕ್ರವಾರ ನಿಮಗೆ ಬಿಡುವಿದೆಯೇ?' ಗುಂಪಿನ ಪಂದ್ಯಗಳ ಜೊತೆಗೆ ಉಳಿದ ವಾರಗಳಿಗೂ ಎದುರಾಳಿಗಳನ್ನು ಅಲ್ಲೇ ಗೊತ್ತುಮಾಡಿಕೊಳ್ಳುತ್ತಾರೆ.

ಸುದ್ದಿಯಲ್ಲಿ ಮಿಂಚುವುದು ಗೆದ್ದ ಹುಡುಗರು ಮತ್ತು ಅವರ ಕಪ್. ಆ ಕಪ್‌ನ ಹಿಂದೆ ಇಂಥದ್ದೊಂದು ಕಚೇರಿ ಕೆಲಸ ಇದೆ. ಯಾರು ಯಾರೊಂದಿಗೆ ಆಡಬೇಕು, ಎಷ್ಟು ಪಂದ್ಯ ಆಡಬೇಕು, ಯಾರು ಆಡಕೂಡದು ಎಂಬ ಮೂರು ಪ್ರಶ್ನೆಗಳಿಗೆ ಅಮೆರಿಕದ ಶಾಲೆಗಳು ನೂರಕ್ಕೂ ಹೆಚ್ಚು ವರ್ಷಗಳಿಂದ ಉತ್ತರ ಬರೆಯುತ್ತಾ, ಅಳಿಸುತ್ತಾ, ಮತ್ತೆ ಬರೆಯುತ್ತಾ ಬಂದಿವೆ.

ಸರ್ಕಾರವಲ್ಲ, ಶಾಲೆಗಳ ಸಂಘ

ಹತ್ತೊಂಬತ್ತನೇ ಶತಮಾನದ ಕೊನೆಗೆ ಅಲ್ಲಿನ ಶಾಲಾ ಪಂದ್ಯಗಳನ್ನು ನಡೆಸುತ್ತಿದ್ದವರು ಬಹುಮಟ್ಟಿಗೆ ವಿದ್ಯಾರ್ಥಿಗಳೇ. ವಯಸ್ಸಿನ ತಪಾಸಣೆ ಇರಲಿಲ್ಲ, ಶಾಲೆಗೆ ಸೇರದ ದೊಡ್ಡವರೂ ತಂಡದಲ್ಲಿ ನುಸುಳುತ್ತಿದ್ದರು. ಇದಕ್ಕೆ ಕಡಿವಾಣ ಹಾಕಲು ಶಾಲೆಗಳೇ ಸಂಘ ಕಟ್ಟಿಕೊಂಡವು. ವಿಸ್ಕಾನ್ಸಿನ್ ರಾಜ್ಯದಲ್ಲಿ 1895ರಲ್ಲೇ ಇದು ಶುರುವಾಯಿತು. ಇಂಡಿಯಾನಾದಲ್ಲಿ 1903ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ 1914ರಲ್ಲಿ ಸಂಘಗಳು ಹುಟ್ಟಿದವು. ಟೆಕ್ಸಸ್ ಕಥೆ ಇನ್ನೂ ಸ್ವಾರಸ್ಯದ್ದು. ಅಲ್ಲಿನ ಯೂನಿವರ್ಸಿಟಿ ಇಂಟರ್‌ಸ್ಕೊಲಾಸ್ಟಿಕ್ ಲೀಗ್, ಅಂದರೆ ಯುಐಎಲ್, 1910ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಚರ್ಚಾಸ್ಪರ್ಧೆಗಳ ಸಂಘವಾಗಿ ಹುಟ್ಟಿತು. ಆಟಗಳು ಆಮೇಲೆ ಸೇರಿಕೊಂಡವು. ಇವತ್ತಿಗೂ ಅಮೆರಿಕನ್ ಫುಟ್‌ಬಾಲ್ ಜೊತೆಗೆ ಚರ್ಚೆ, ಗಣಿತ, ಸಂಗೀತ, ನಾಟಕದ ಸ್ಪರ್ಧೆಗಳನ್ನು ಅದೇ ನಡೆಸುತ್ತದೆ.

ಪ್ರತಿ ರಾಜ್ಯಕ್ಕೂ ರಾಜಧಾನಿ ವಾಷಿಂಗ್ಟನ್‌ಗೂ ಒಂದೊಂದರಂತೆ ಒಟ್ಟು 51 ಸಂಘಗಳಿವೆ. ಇವುಗಳ ಮೇಲಿರುವ ರಾಷ್ಟ್ರೀಯ ಒಕ್ಕೂಟ 1920ರಲ್ಲಿ ಹುಟ್ಟಿದ್ದು, ಕಚೇರಿ ಇಂಡಿಯಾನಾಪೊಲಿಸ್‌ನಲ್ಲಿ. ಈ ಒಕ್ಕೂಟ ಆಟದ ನಿಯಮ ಪುಸ್ತಕಗಳನ್ನು ಬರೆಯುತ್ತದೆ, ಲೆಕ್ಕ ಇಡುತ್ತದೆ, ರೆಫರಿಗಳಿಗೂ ಕೋಚ್‌ಗಳಿಗೂ ತರಬೇತಿ ಕೊಡುತ್ತದೆ. ಆದರೆ ರಾಷ್ಟ್ರಮಟ್ಟದ ಚಾಂಪಿಯನ್‌ಷಿಪ್ ನಡೆಸುವುದಿಲ್ಲ. ಶಾಲೆಯ ತಂಡಕ್ಕೆ ರಾಜ್ಯ ಪ್ರಶಸ್ತಿಯೇ ತುದಿ, ಅದರಾಚೆ ಮೆಟ್ಟಿಲಿಲ್ಲ. ಹದಿನಾರರ ಹುಡುಗಿಯೊಬ್ಬಳು ಪಾಠ ಬಿಟ್ಟು ದೇಶದ ಇನ್ನೊಂದು ಮೂಲೆಗೆ ಹೋಗಿ ಆಡಬೇಕಾದ ಅಗತ್ಯವೇ ಇಲ್ಲ ಎಂಬುದು ಇದರ ಹಿಂದಿನ ಲೆಕ್ಕಾಚಾರ. ಒಕ್ಕೂಟದ ಪ್ರಕಾರ 2023-24ರ ಶೈಕ್ಷಣಿಕ ವರ್ಷದಲ್ಲಿ ಹೈಸ್ಕೂಲ್ ಕ್ರೀಡೆಗಳಲ್ಲಿ ಪಾಲ್ಗೊಂಡವರು 80 ಲಕ್ಷಕ್ಕೂ ಹೆಚ್ಚು. ಎರಡು ಆಟ ಆಡಿದವರನ್ನು ಎರಡು ಸಲ ಎಣಿಸುತ್ತಾರೆ ಎನ್ನುವುದನ್ನು ನೆನಪಿಟ್ಟುಕೊಂಡರೂ ಇದು ಸಣ್ಣ ಸಂಖ್ಯೆಯಲ್ಲ.

ತಲೆ ಎಣಿಸಿ ದರ್ಜೆ

ದೊಡ್ಡ ಶಾಲೆಯ ಎದುರು ಸಣ್ಣ ಶಾಲೆಯನ್ನು ನಿಲ್ಲಿಸುವುದು ಸರಿಯೇ? ಟೆಕ್ಸಸ್ ಇದಕ್ಕೆ ತಲೆ ಎಣಿಸಿ ಉತ್ತರಿಸುತ್ತದೆ. ಅಕ್ಟೋಬರ್ ಕೊನೆಯ ಒಂದು ಗೊತ್ತಾದ ದಿನ ಪ್ರತಿ ಶಾಲೆಯಲ್ಲೂ ಎಷ್ಟು ವಿದ್ಯಾರ್ಥಿಗಳಿದ್ದಾರೆ ಎಂಬ ಲೆಕ್ಕವನ್ನು ಯುಐಎಲ್‌ಗೆ ಕೊಡಬೇಕು. ಆ ಅಂಕಿಯ ಮೇಲೆ 1400ಕ್ಕೂ ಹೆಚ್ಚು ಶಾಲೆಗಳನ್ನು ಒನ್-ಎಯಿಂದ ಸಿಕ್ಸ್-ಎವರೆಗೆ ಆರು ದರ್ಜೆಗಳಾಗಿ ವಿಂಗಡಿಸುತ್ತಾರೆ. ಸುಮಾರು 2,200 ವಿದ್ಯಾರ್ಥಿಗಳನ್ನು ದಾಟಿದರೆ ಅತಿ ದೊಡ್ಡ ದರ್ಜೆ. ಪ್ರತಿ ದರ್ಜೆಯೊಳಗೂ ಅಕ್ಕಪಕ್ಕದ ಶಾಲೆಗಳನ್ನು ಸೇರಿಸಿ 'ಡಿಸ್ಟ್ರಿಕ್ಟ್' ಎಂಬ ಗುಂಪು ಮಾಡುತ್ತಾರೆ. ಈ ಡಿಸ್ಟ್ರಿಕ್ಟ್‌ಗೂ ನಮ್ಮ ಜಿಲ್ಲೆಗೂ ಸಂಬಂಧವಿಲ್ಲ. ಆರೇಳು, ಎಂಟು ಶಾಲೆಗಳು ಸೇರಿದ ಒಂದು ಲೀಗ್ ಅದು, ಅಷ್ಟೆ. ಗುಂಪಿನ ಎಲ್ಲರೂ ಎಲ್ಲರೊಂದಿಗೂ ಆಡಬೇಕು. ಫುಟ್‌ಬಾಲ್ ಋತುವಿನಲ್ಲಿ ಒಂದು ಶಾಲೆಗೆ ಹತ್ತು ಪಂದ್ಯ. ಅವು ಮುಗಿದ ಮೇಲಷ್ಟೇ ಮುಂಚೂಣಿಯ ತಂಡಗಳಿಗೆ ಸೋತರೆ ಮನೆಗೆ ಎನ್ನುವ ಪ್ಲೇಆಫ್.

ಇಷ್ಟೇ ಅಲ್ಲ. ಒಂದೇ ಶಾಲೆಯಿಂದ ಮುಖ್ಯ ತಂಡ, ಅದರ ಕೆಳಗೆ ಜೂನಿಯರ್ ತಂಡ, ಸಾಕಷ್ಟು ಮಕ್ಕಳಿದ್ದರೆ ಒಂಬತ್ತನೇ ತರಗತಿಯವರದ್ದೇ ಇನ್ನೊಂದು ತಂಡ. ಎದುರಾಳಿ ಶಾಲೆಯ ಅದೇ ಮಟ್ಟದ ತಂಡಗಳೊಂದಿಗೆ ಇವರಿಗೂ ಪಂದ್ಯಗಳಿರುತ್ತವೆ. ಮುಖ್ಯ ತಂಡಕ್ಕೆ ಆಯ್ಕೆಯಾಗದ ಹುಡುಗನೂ ಬೆಂಚ್ ಮೇಲೆ ಕೂತೇ ವರ್ಷ ಕಳೆಯುವುದಿಲ್ಲ.

ಊರಲ್ಲಿ ಫುಟ್‌ಬಾಲ್‌ಗೆ ಬೇಕಾದ ಹನ್ನೊಂದು ಜನರೇ ಸಿಗದಿದ್ದರೆ? ಅದಕ್ಕೂ ದಾರಿ ಇದೆ. 1934ರಲ್ಲಿ ನೆಬ್ರಾಸ್ಕಾದ ಹೆಬ್ರಾನ್ ಎಂಬ ಪುಟ್ಟ ಊರಿನಲ್ಲಿ ಸ್ಟೀಫನ್ ಎಪ್ಲರ್ ಎಂಬ ಶಿಕ್ಷಕ ಆರು ಜನರ ಫುಟ್‌ಬಾಲ್ ರೂಪಿಸಿದರು. 80 ಗಜ ಉದ್ದ, 40 ಗಜ ಅಗಲದ ಚಿಕ್ಕ ಅಂಗಳ. ಮೊದಲರ್ಧ ಮುಗಿಯುವಾಗ ಅಥವಾ ಆಮೇಲೆ ಯಾವಾಗಲೇ ಆಗಲಿ ಒಂದು ತಂಡ 45 ಅಂಕ ಮುಂದಿದ್ದರೆ ಪಂದ್ಯವನ್ನು ಅಲ್ಲಿಗೇ ಮುಗಿಸುತ್ತಾರೆ, ಸೋಲುವವರನ್ನು ಇನ್ನಷ್ಟು ಅರೆಯುವುದಿಲ್ಲ. ಟೆಕ್ಸಸ್‌ನಲ್ಲಿ ಸುಮಾರು ನೂರು ವಿದ್ಯಾರ್ಥಿಗಳೊಳಗಿನ ಶಾಲೆಗಳು ಇಂದಿಗೂ ಈ ಆಟ ಆಡುತ್ತವೆ, ಅವರಿಗೂ ರಾಜ್ಯ ಪ್ರಶಸ್ತಿ ಇದೆ.

ಈ ಎಣಿಕೆ ಊರಿನ ಯೋಜನೆಯನ್ನೇ ಬದಲಿಸಬಲ್ಲದು. ಕನ್ನಡದ ಕುಟುಂಬಗಳೂ ನೆಲೆಸಿರುವ ಡಲ್ಲಾಸ್ ಸುತ್ತಲಿನ ಎರಡು ಊರುಗಳನ್ನೇ ನೋಡಿ. ಆಲೆನ್ ಊರಿನದ್ದು ಒಂದೇ ಹೈಸ್ಕೂಲ್, ವಿದ್ಯಾರ್ಥಿಗಳು ಐದು ಸಾವಿರಕ್ಕೂ ಹೆಚ್ಚು. ಅದರ ಫುಟ್‌ಬಾಲ್ ತಂಡ 2012ರಿಂದ 2014ರವರೆಗೆ ಸತತ ಮೂರು ವರ್ಷ ರಾಜ್ಯ ಚಾಂಪಿಯನ್. ಹತ್ತಿರದ ಫ್ರಿಸ್ಕೊ ಬೇರೆ ಹಾದಿ ಹಿಡಿಯಿತು. ಒಂದು ಶಾಲೆಯಲ್ಲಿ ಎರಡು ಸಾವಿರದ ಆಸುಪಾಸು ಮಕ್ಕಳಿದ್ದರೆ ಸಾಕು ಎಂದು ಹತ್ತಕ್ಕೂ ಹೆಚ್ಚು ಹೈಸ್ಕೂಲ್ ಕಟ್ಟಿತು. ಐದು ಸಾವಿರ ಮಕ್ಕಳ ಶಾಲೆಯಲ್ಲಿ ಬ್ಯಾಸ್ಕೆಟ್‌ಬಾಲ್ ಮುಖ್ಯ ತಂಡಕ್ಕೆ ಹದಿನೈದು ಜನರಿಗಷ್ಟೇ ಜಾಗ. ಹತ್ತು ಶಾಲೆಗಳಿದ್ದರೆ ಹತ್ತು ತಂಡ, ನೂರೈವತ್ತು ಮಕ್ಕಳಿಗೆ ಜಾಗ. ಕಪ್ ಗೆಲ್ಲುವುದು ಮುಖ್ಯವೋ, ಹೆಚ್ಚು ಮಕ್ಕಳು ಆಡುವುದು ಮುಖ್ಯವೋ ಎಂಬ ಪ್ರಶ್ನೆಗೆ ನೆರೆಹೊರೆಯ ಎರಡು ಊರುಗಳು ಇಟ್ಟಿಗೆ ಗಾರೆಯಲ್ಲೇ ಬೇರೆ ಬೇರೆ ಉತ್ತರ ಕೊಟ್ಟಿವೆ.

ಮಿಲನ್ ಗೆದ್ದ ರಾತ್ರಿ

ದರ್ಜೆಗಳೇ ಬೇಡ ಎಂದು ಪಟ್ಟು ಹಿಡಿದ ರಾಜ್ಯವೂ ಇತ್ತು. ಇಂಡಿಯಾನಾದಲ್ಲಿ 1911ರಿಂದ 1997ರವರೆಗೆ ಹುಡುಗರ ಬ್ಯಾಸ್ಕೆಟ್‌ಬಾಲ್‌ಗೆ ಒಂದೇ ಟೂರ್ನಿ. ಮಹಾನಗರದ ಶಾಲೆಯೂ ಜೋಳದ ಹೊಲಗಳ ನಡುವಿನ ಶಾಲೆಯೂ ಅದೇ ಕಣದಲ್ಲಿ. 1954ರ ಮಾರ್ಚ್ 20ರಂದು, ಇಂಡಿಯಾನಾಪೊಲಿಸ್‌ನ ಬಟ್ಲರ್ ಫೀಲ್ಡ್‌ಹೌಸ್‌ನಲ್ಲಿ ಫೈನಲ್. ಆ ವರ್ಷ ಟೂರ್ನಿಗಿಳಿದಿದ್ದ 751 ಶಾಲೆಗಳಲ್ಲಿ ಉಳಿದವು ಎರಡು. ಒಂದು ಮನ್ಸಿ ಸೆಂಟ್ರಲ್, ಇನ್ನೊಂದು 161 ವಿದ್ಯಾರ್ಥಿಗಳ ಮಿಲನ್. ಮನ್ಸಿಯಲ್ಲಿ ಮಿಲನ್‌ನ ಹತ್ತು ಪಟ್ಟು ವಿದ್ಯಾರ್ಥಿಗಳಿದ್ದರು. ಇಷ್ಟು ಸಮಯದೊಳಗೆ ಬುಟ್ಟಿಗೆ ಎಸೆಯಲೇಬೇಕು ಎಂಬ ಗಡುವು ಆಗ ಇರಲಿಲ್ಲ. ಕೊನೆಯ ಕಾಲು ಭಾಗದಲ್ಲಿ ಮಿಲನ್‌ನ ಬಾಬಿ ಪ್ಲಂಪ್ ನಾಲ್ಕು ನಿಮಿಷಕ್ಕೂ ಹೆಚ್ಚು ಕಾಲ ಚೆಂಡನ್ನು ಹಿಡಿದು ಸುಮ್ಮನೆ ನಿಂತರು. ಕೊನೆಗೆ, ಅಂಕ 30-30 ಇದ್ದಾಗ, ಪಂದ್ಯ ಮುಗಿಯಲು ಕೆಲವೇ ಸೆಕೆಂಡು ಉಳಿದಿರುವಾಗ ಜಿಗಿದು ಚೆಂಡೆಸೆದರು. 32-30. ಈ ಗೆಲುವೇ 1986ರ 'ಹೂಸಿಯರ್ಸ್' ಚಲನಚಿತ್ರಕ್ಕೆ ಪ್ರೇರಣೆಯಾಯಿತು.

ಆದರೆ ಮಿಲನ್‌ನಂಥ ಗೆಲುವು ಎಷ್ಟು ವರ್ಷಕ್ಕೊಮ್ಮೆ ಬಂದೀತು? ಅದೊಂದನ್ನು ತೋರಿಸಿ ನೂರಾರು ಸಣ್ಣ ಶಾಲೆಗಳನ್ನು ವರ್ಷವರ್ಷವೂ ದೊಡ್ಡವರ ಬಾಯಿಗೆ ಕೊಡುವುದು ನ್ಯಾಯವೇ? ಶಾಲೆಗಳ ವಿಲೀನದಿಂದ 751 ಇದ್ದ ಸಂಖ್ಯೆ 1990ರ ದಶಕದಲ್ಲಿ ನಾನೂರರ ಒಳಗೆ ಇಳಿಯಿತು. ವರ್ಷಗಳ ಜಗಳದ ನಂತರ ಸಂಘವು 1997-98ರಿಂದ ನಾಲ್ಕು ದರ್ಜೆ ಮಾಡಿತು. ಅದನ್ನು ಗಟ್ಟಿಯಾಗಿ ವಿರೋಧಿಸಿದವರಲ್ಲಿ ಪ್ಲಂಪ್ ಅವರೂ ಒಬ್ಬರು. ಹಳೆಯ ಟೂರ್ನಿಯ ಕಾವು ಹೋಯಿತು ಎಂದು ಕೊರಗುವವರು ಇಂದಿಗೂ ಇದ್ದಾರೆ. ಒಂದೇ ಕಪ್‌ನ ಜಾಗದಲ್ಲಿ ನಾಲ್ಕು ಕಪ್ ಬಂದ ಮೇಲೆ ನಾಲ್ಕು ಊರುಗಳಲ್ಲಿ ಮೆರವಣಿಗೆ ಹೊರಡುತ್ತದೆ ಎನ್ನುವುದೂ ಅಷ್ಟೇ ನಿಜ.

'ಎಲ್ಲರಿಗೂ ತೆರೆದ' ಆ ಟೂರ್ನಿ ಎಲ್ಲರಿಗೂ ತೆರೆದಿರಲಿಲ್ಲ ಎಂಬುದನ್ನೂ ಹೇಳಬೇಕು. ಕಪ್ಪು ವರ್ಣೀಯ ಮಕ್ಕಳಿಗೆಂದೇ 1927ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಕಟ್ಟಿದ ಕ್ರಿಸ್ಪಸ್ ಆಟಕ್ಸ್ ಶಾಲೆಗೆ ಸಂಘದ ಸದಸ್ಯತ್ವ ಸಿಕ್ಕಿದ್ದು 1942ರಲ್ಲಿ. ಮಿಲನ್ ಗೆದ್ದ ಮರುವರ್ಷವೇ, 1955ರಲ್ಲಿ, ಮುಂದೆ ಖ್ಯಾತ ಬ್ಯಾಸ್ಕೆಟ್‌ಬಾಲ್ ಆಟಗಾರರಾದ ಆಸ್ಕರ್ ರಾಬರ್ಟ್‌ಸನ್ ಅವರಿದ್ದ ಆಟಕ್ಸ್ ತಂಡ ರಾಜ್ಯ ಪ್ರಶಸ್ತಿ ಗೆದ್ದಿತು. 1956ರಲ್ಲಿ ಒಂದೂ ಪಂದ್ಯ ಸೋಲದೆ ಮತ್ತೆ ಗೆದ್ದಿತು. ಟೆಕ್ಸಸ್‌ನಲ್ಲಂತೂ ಕಪ್ಪು ವರ್ಣೀಯ ಶಾಲೆಗಳಿಗೆ 1920ರಿಂದ 1970ರವರೆಗೆ ಪ್ರತ್ಯೇಕ ಲೀಗೇ ಇತ್ತು. ಹೆಣ್ಣುಮಕ್ಕಳ ಸರದಿ ಬಂದದ್ದು ಇನ್ನೂ ತಡವಾಗಿ. 1971-72ರಲ್ಲಿ ಗಂಡುಮಕ್ಕಳು 36 ಲಕ್ಷಕ್ಕೂ ಹೆಚ್ಚು ಆಡುತ್ತಿದ್ದಾಗ ಹೆಣ್ಣುಮಕ್ಕಳು 2,94,015. ಶಿಕ್ಷಣದಲ್ಲಿ ಲಿಂಗ ತಾರತಮ್ಯವನ್ನು ನಿಷೇಧಿಸಿದ 'ಟೈಟಲ್ ನೈನ್' ಕಾನೂನು 1972ರಲ್ಲಿ ಬಂತು. ಈಗ ಹೆಣ್ಣುಮಕ್ಕಳ ಸಂಖ್ಯೆ 34 ಲಕ್ಷದ ಸುತ್ತಮುತ್ತ. ಶಾಲೆಗಳ ಸಂಘ ತಾನಾಗಿ ತೆರೆಯದ ಬಾಗಿಲನ್ನು ಕಾನೂನು ತೆರೆಸಿತು.

ಫೇಲಾದರೆ ಆಟವಿಲ್ಲ

ಯಾರು ಆಡಕೂಡದು ಎಂಬುದಕ್ಕೆ ನಿಯಮಾವಳಿ ದಪ್ಪವಾಗಿಯೇ ಇದೆ. ಸಾಮಾನ್ಯವಾಗಿ ಹತ್ತೊಂಬತ್ತು ತುಂಬಿದವರಿಗೆ ಅವಕಾಶವಿಲ್ಲ. ಹೈಸ್ಕೂಲಿನ ನಾಲ್ಕು ವರ್ಷ, ಅಂದರೆ ಎಂಟು ಸೆಮಿಸ್ಟರ್ ದಾಟಿದ ಮೇಲೂ ಇಲ್ಲ. ಆಟಕ್ಕಾಗಿಯೇ ಶಾಲೆ ಬದಲಿಸಿದವರನ್ನು ಒಂದಷ್ಟು ಕಾಲ ಹೊರಗೆ ಕೂರಿಸುವ ರಾಜ್ಯಗಳಿವೆ. ಟೆಕ್ಸಸ್ 1984ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 'ಪಾಸಾಗದಿದ್ದರೆ ಆಟವಿಲ್ಲ' ಎಂಬ ಕಾನೂನನ್ನೇ ತಂದಿತು. ಒಂದು ವಿಷಯದಲ್ಲಿ 70ಕ್ಕಿಂತ ಕಡಿಮೆ ಅಂಕ ಬಂದರೂ ಆಗ ಆರು ವಾರ ತಂಡದಿಂದ ಹೊರಗೆ. ಫುಟ್‌ಬಾಲ್ ಹುಚ್ಚಿನ ಊರುಗಳಲ್ಲಿ ಗದ್ದಲವೆದ್ದಿತು. 1995ರಲ್ಲಿ ಶಿಕ್ಷೆಯನ್ನು ಮೂರು ವಾರಕ್ಕೆ ಇಳಿಸಿದರು, ಕಾನೂನನ್ನು ಮಾತ್ರ ಕೈಬಿಡಲಿಲ್ಲ.

ಇಷ್ಟು ಅಧಿಕಾರವಿರುವ ಸಂಘ ಖಾಸಗಿ ಸಂಸ್ಥೆಯೋ, ಸರ್ಕಾರದ ಕೈಯೋ? ಈ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಟೆನೆಸಿ ರಾಜ್ಯದ ಬ್ರೆಂಟ್‌ವುಡ್ ಅಕಾಡೆಮಿ ಎಂಬ ಖಾಸಗಿ ಶಾಲೆಯ ಕೋಚ್, ಶಾಲೆಗೆ ಇನ್ನಷ್ಟೇ ಬರಬೇಕಿದ್ದ ಎಂಟನೇ ತರಗತಿ ಹುಡುಗರಿಗೆ ಅಭ್ಯಾಸಕ್ಕೆ ಬನ್ನಿ ಎಂದು ಪತ್ರ ಬರೆದರು. ಇದು ಆಟಗಾರರನ್ನು ಸೆಳೆಯುವ ತಂತ್ರ ಎಂದು ಸಂಘ 3,000 ಡಾಲರ್ ದಂಡ ಹಾಕಿತು, ಪ್ಲೇಆಫ್‌ನಿಂದಲೂ ಹೊರಗಿಟ್ಟಿತು. ಶಾಲೆ ಕೋರ್ಟಿಗೆ ಹೋಯಿತು. 2001ರಲ್ಲಿ ನ್ಯಾಯಾಲಯ 5-4ರ ತೀರ್ಪಿನಲ್ಲಿ, ಸದಸ್ಯರಲ್ಲಿ ಶೇ 84ರಷ್ಟು ಸರ್ಕಾರಿ ಶಾಲೆಗಳೇ ಇರುವ ಸಂಘವೂ ಸರ್ಕಾರದಂತೆಯೇ ಸಂವಿಧಾನಕ್ಕೆ ಬದ್ಧ ಎಂದಿತು. 2007ರಲ್ಲಿ ಅದೇ ಪ್ರಕರಣ ಮತ್ತೆ ಬಂದಾಗ, ಮಕ್ಕಳನ್ನು ಸೆಳೆಯಬಾರದೆಂಬ ನಿಯಮ ಸರಿಯೇ ಇದೆ ಎಂದು ಸಂಘದ ಪರ ತೀರ್ಪು ಕೊಟ್ಟಿತು. ಸಂಘಕ್ಕೆ ಅಧಿಕಾರ ಉಂಟು, ಆದರೆ ಅದು ಪ್ರಶ್ನಾತೀತವಲ್ಲ.

ಈ ವ್ಯವಸ್ಥೆಯನ್ನು ಹೊಗಳುವುದಕ್ಕೂ ಮಿತಿ ಬೇಕು. ಆಲೆನ್ ಊರು 2012ರಲ್ಲಿ 6 ಕೋಟಿ ಡಾಲರ್ ಸುರಿದು 18,000 ಆಸನಗಳ ಶಾಲಾ ಕ್ರೀಡಾಂಗಣ ತೆರೆಯಿತು. ಎರಡೇ ವರ್ಷದಲ್ಲಿ ಕಾಂಕ್ರೀಟ್ ಬಿರುಕು ಬಿಟ್ಟು ಮುಚ್ಚಬೇಕಾಯಿತು. ಆಟ ಊರಿನ ಪ್ರತಿಷ್ಠೆಯಾದಾಗ ಹಣದ ಹರಿವು ಹೀಗೆಯೇ. ಇನ್ನೊಂದೆಡೆ ಪೋಷಕರ ಬೈಗುಳ ಕೇಳಲಾರದೆ ರೆಫರಿಗಳು ಕೆಲಸ ಬಿಡುತ್ತಿದ್ದಾರೆ. 2018-19ರ ನಂತರದ ಮೂರು ವರ್ಷಗಳಲ್ಲಿ ಸುಮಾರು 50,000 ರೆಫರಿಗಳು ಕಡಿಮೆಯಾದರು ಎಂದು ಒಕ್ಕೂಟವೇ ಹೇಳಿದೆ.

ನಮ್ಮ ಹೋಬಳಿಯ ಲೆಕ್ಕ

ನಮ್ಮಲ್ಲಿ ವ್ಯವಸ್ಥೆ ಇಲ್ಲವೆಂದಲ್ಲ. ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ, ಅಲ್ಲಿಂದ 1954ರಲ್ಲಿ ಹುಟ್ಟಿದ ಭಾರತೀಯ ಶಾಲಾ ಕ್ರೀಡಾ ಒಕ್ಕೂಟದ ರಾಷ್ಟ್ರೀಯ ಕೂಟ. ವಯಸ್ಸಿನ ಪ್ರಕಾರ 14, 17, 19ರ ಒಳಗಿನವರೆಂಬ ವಿಂಗಡಣೆಯೂ ಇದೆ. ಏಣಿ ನೇರವಾಗಿದೆ, ಉದ್ದವಾಗಿಯೂ ಇದೆ. ತೊಂದರೆ ಇರುವುದು ಮೊದಲ ಮೆಟ್ಟಿಲಿನಲ್ಲಿ. ಗುಂಪು ಆಟಗಳು ನಾಕೌಟ್. ಎಂಬತ್ತು ಮಕ್ಕಳ ಸರ್ಕಾರಿ ಪ್ರೌಢಶಾಲೆಗೂ ಸಾವಿರ ಮಕ್ಕಳ ವಸತಿ ಶಾಲೆಗೂ ಒಂದೇ ಚೀಟಿ ಎತ್ತುವಿಕೆ. ಪಿ.ಟಿ. ಮೇಷ್ಟ್ರು ತಿಂಗಳುಗಟ್ಟಲೆ ಸಂಜೆ ಮಕ್ಕಳನ್ನು ನಿಲ್ಲಿಸಿಕೊಂಡು ಕಬಡ್ಡಿ ಕಲಿಸಿರುತ್ತಾರೆ. ಕೂಟದ ದಿನ ಬೆಳಿಗ್ಗೆ ಹತ್ತಕ್ಕೆ ಅಂಕಣಕ್ಕಿಳಿದ ತಂಡ ಸೋತರೆ ಹನ್ನೊಂದರ ಹೊತ್ತಿಗೆ ಆ ವರ್ಷದ ಆಟ ಮುಗಿದಿರುತ್ತದೆ. ಆ ಮಕ್ಕಳು ಇನ್ನು ಅಂಕಣಕ್ಕೆ ಇಳಿಯುವುದು ಮುಂದಿನ ವರ್ಷ. ಹತ್ತನೇ ತರಗತಿಯವರಾದರೆ ಅದೂ ಇಲ್ಲ.

ಕ್ರೀಡಾಂಗಣಕ್ಕೆ ಕೋಟಿ ಸುರಿಯುವುದನ್ನು ಅಮೆರಿಕದಿಂದ ಕಲಿಯಬೇಕಿಲ್ಲ. ಕಲಿಯಬೇಕಾದ್ದು ವೇಳಾಪಟ್ಟಿ. ಎಂಟು ಶಾಲೆಗಳ ನಾಕೌಟಿನಲ್ಲಿ ಒಟ್ಟು ಏಳು ಪಂದ್ಯ ನಡೆಯುತ್ತವೆ, ನಾಲ್ಕು ಶಾಲೆಗಳು ಒಂದೊಂದೇ ಪಂದ್ಯ ಆಡಿ ಮನೆಗೆ ಹೋಗುತ್ತವೆ. ಅದೇ ಎಂಟು ಶಾಲೆಗಳು ಲೀಗ್ ಆಡಿದರೆ 28 ಪಂದ್ಯ, ಪ್ರತಿ ಶಾಲೆಗೂ ಏಳು. ಶನಿವಾರಕ್ಕೊಂದರಂತೆ ಇಟ್ಟುಕೊಂಡರೆ ಎರಡು ತಿಂಗಳೊಳಗೆ ಮುಗಿಯುತ್ತದೆ. ಕಬಡ್ಡಿಗೆ, ಖೊಖೊಗೆ ಬೇಕಾದ ಅಂಕಣ ಬಹುತೇಕ ಎಲ್ಲ ಪ್ರೌಢಶಾಲೆಗಳ ಅಂಗಳದಲ್ಲೂ ಹಾಕಬಹುದು. ಹೋಬಳಿಯೊಳಗಿನ ದೂರವೂ ಹೆಚ್ಚಲ್ಲ. ಮೊದಲೆರಡು ತಂಡಗಳು ತಾಲ್ಲೂಕಿಗೆ ಹೋಗಲಿ, ಅಲ್ಲಿಂದ ಮೇಲಿನ ಏಣಿ ಈಗಿರುವಂತೆಯೇ ಇರಲಿ.

ಇದಕ್ಕೆ ಹೊಸ ಕಾನೂನು ಬೇಡ, ಹೊಸ ಮಂಡಳಿಯೂ ಬೇಡ. ಒಂದು ಹೋಬಳಿಯ ಎಂಟು ಮುಖ್ಯೋಪಾಧ್ಯಾಯರು ಜೂನ್ ತಿಂಗಳಲ್ಲಿ ಒಂದು ಮಧ್ಯಾಹ್ನ ಕ್ಯಾಲೆಂಡರ್ ಮುಂದಿಟ್ಟುಕೊಂಡು ಕೂತರೆ ಸಾಕು. ಕೂರಿಸುವ ಕೆಲಸವನ್ನು ಇಲಾಖೆ ಮಾಡಲಿ.