ನಿಮಗಿದು ಗೊತ್ತೆ? 1951: ವೆನಿಸ್ಸಿನಲ್ಲಿ ಜಪಾನಿನ ಜಯಭೇರಿ

1951ನೆಯ ಇಸವಿಯ ಸೆಪ್ಟೆಂಬರಿನಲ್ಲಿ ವೆನಿಸ್ ಚಲನಚಿತ್ರೋತ್ಸವದ ಪರಮ ಪುರಸ್ಕಾರವಾದ ಸುವರ್ಣಸಿಂಹವು ಜಪಾನಿನ ‘ರಾಶೋಮಾನ್’ ಚಿತ್ರಕ್ಕೆ ಸಂದಾಗ, ತನ್ನ ಕೃತಿಯು ಸ್ಪರ್ಧೆಗೆ ಹೋಗಿದ್ದಿತೆಂಬ ಸಂಗತಿಯೇ ಅದರ ನಿರ್ದೇಶಕ ಅಕಿರ ಕುರೊಸಾವನಿಗೆ ತಿಳಿದಿರಲಿಲ್ಲ. ಚಿತ್ರವನ್ನು ನಿರ್ಮಿಸಿದ ದಾಯೇ ಸಂಸ್ಥೆಯ ಅಧ್ಯಕ್ಷರಿಗೇ ಅದು ಬಿಡಿಸಲಾಗದ ಒಗಟಾಗಿ ತೋರಿದ್ದಿತು. ಅದರ ಯೋಗ್ಯತೆಯನ್ನು ಗುರುತಿಸಿ ಉತ್ಸವಕ್ಕೆ ಶಿಫಾರಸು ಮಾಡಿದವರು, ಜಪಾನಿನಲ್ಲಿ ಇಟಲಿಯ ಚಿತ್ರಸಂಸ್ಥೆಯೊಂದರ ಪ್ರತಿನಿಧಿಯಾಗಿದ್ದ ಜೂಲಿಯಾನಾ ಸ್ಟ್ರಾಮಿಜೋಲಿ ಎಂಬ ವಿದುಷಿ. ಪ್ರಶಸ್ತಿ ಬಂದ ಬಳಿಕ ಅಧ್ಯಕ್ಷರು ಕೀರ್ತಿಯನ್ನೆಲ್ಲ ತಮ್ಮದೆಂದೇ ಹೇಳಿಕೊಂಡರೆಂದು ಕುರೊಸಾವ ತನ್ನ ಆತ್ಮಕಥೆಯಲ್ಲಿ ನೊಂದು ಬರೆದಿದ್ದಾನೆ. ಇದು ಯಾವ ದೇಶದಲ್ಲಿ ತಾನೆ ನಡೆಯದ ಮಾತು!

ಅಕುತಗಾವ ರ್ಯೂನೊಸುಕೆಯ ಎರಡು ಸಣ್ಣಕಥೆಗಳನ್ನು ಹೆಣೆದು ರಚಿಸಿದ ಈ ಚಿತ್ರದಲ್ಲಿ ಒಂದೇ ಹತ್ಯೆಯ ವೃತ್ತಾಂತವನ್ನು ದರೋಡೆಗಾರ, ಹತನ ಪತ್ನಿ, ಮೈದುಂಬಿದವಳ ಬಾಯಿಂದ ನುಡಿಯುವ ಹತನ ಪ್ರೇತ, ಕಡೆಗೆ ಸೌದೆ ಕಡಿಯುವವನು, ಹೀಗೆ ನಾಲ್ವರು ನಾಲ್ಕು ಬಗೆಯಾಗಿ ಹೇಳುತ್ತಾರೆ. ಫಿಲಂ ಸುಟ್ಟೀತೆಂಬ ಭಯದಿಂದ ಕ್ಯಾಮೆರಾವನ್ನು ನೇರವಾಗಿ ಸೂರ್ಯನತ್ತ ತಿರುಗಿಸಲು ಅನ್ಯರು ಅಂಜುತ್ತಿದ್ದ ಆ ಕಾಲದಲ್ಲಿ, ಛಾಯಾಗ್ರಾಹಕ ಕಜುವೊ ಮಿಯಾಗಾವ ಎಲೆಗಳ ಸಂದಿನಿಂದ ಸೂರ್ಯಬಿಂಬವನ್ನೇ ಸೆರೆಹಿಡಿದನಲ್ಲದೆ, ನಿಬಿಡಾರಣ್ಯದ ನೆರಳಿನೊಳಗೆ ಕನ್ನಡಿಗಳಿಂದ ಬಿಸಿಲನ್ನು ಹಾಯಿಸಿ ನಟರ ಮುಖಗಳನ್ನು ಬೆಳಗಿದನು. ಚಿತ್ರದಲ್ಲಿ ಬರುವ ಹೆಬ್ಬಾಗಿಲ ಮುಂದೆ ಸುರಿಯುವ ಜಡಿಮಳೆಯ ಕಥೆಯಂತೂ ಇನ್ನೂ ಸ್ವಾರಸ್ಯಕರ: ಮಸಕು ಬಾನಿನ ಎದುರು ಬರಿಯ ನೀರಿನ ಧಾರೆ ಕಾಣದೆಂದು, ಅಗ್ನಿಶಾಮಕ ಯಂತ್ರಗಳ ನೀರಿಗೆ ಕಪ್ಪು ಶಾಯಿಯನ್ನು ಬೆರೆಸಿ ಸುರಿಸಿದರು. ವೆನಿಸ್ ಪ್ರಶಸ್ತಿಯ ಮರುವರ್ಷ ಅಮೆರಿಕದ ಚಲನಚಿತ್ರ ಅಕಾಡೆಮಿಯೂ ಈ ಚಿತ್ರಕ್ಕೆ ಗೌರವ ಆಸ್ಕರ್ ನೀಡಿತು. ಜಪಾನಿನ ಜಯಭೇರಿ ಅಲ್ಲಿಗೇ ನಿಲ್ಲಲಿಲ್ಲ; 1953ರಲ್ಲಿ ಆ ದೇಶದ ಇನ್ನೊಬ್ಬ ನಿರ್ದೇಶಕ ಮಿಜೊಗುಚಿಯ ‘ಉಗೆತ್ಸು’ ವೆನಿಸ್ಸಿನ ರಜತಸಿಂಹವನ್ನು ಪಡೆಯಿತು.