ಏಣಿ ಹತ್ತುವ ಅಪ್ಪನಿಗೆ ಯಾವ ಡೈಪರ್?

ಅಪ್ಪ ಬೆಳಿಗ್ಗೆ ಎಂಟಕ್ಕೆ ಟೂಲ್ ಬ್ಯಾಗ್ ಹಿಡಿದು ಹೊರಟವರು ಹನ್ನೊಂದಕ್ಕೆಲ್ಲ ವಾಪಸ್ ಬಂದರು. ಯಾರನ್ನೂ ಮಾತಾಡಿಸದೆ ನೇರ ಬಚ್ಚಲುಮನೆಗೆ ಹೋದರು. ಹೊರಗೆ ಬಂದಮೇಲೆ ಅಮ್ಮನ ಹತ್ತಿರ ಹೇಳಿದ್ದು ಒಂದೇ ಮಾತು: "ಏಣಿ, ಟೂಲ್ಸ್ ಎಲ್ಲ ಆ ಹುಡುಗನಿಗೇ ಕೊಟ್ಟುಬಿಡ್ತೀನಿ. ನನ್ನ ಕೈಲಿ ಇನ್ನಾಗಲ್ಲ."

ಅಪ್ಪ ಎಲೆಕ್ಟ್ರಿಷಿಯನ್. ತುಮಕೂರಲ್ಲಿ ಮೂವತ್ತು ವರ್ಷದಿಂದ ಮನೆ ವೈರಿಂಗ್ ಮಾಡ್ತಾರೆ. ಕಳೆದ ವರ್ಷ ಪ್ರಾಸ್ಟೇಟ್ ಕ್ಯಾನ್ಸರ್ ಅಂತ ಗೊತ್ತಾಗಿ ಆ ಗ್ರಂಥಿಯನ್ನೇ ಪೂರ್ತಿ ತೆಗೆಸಬೇಕಾಯಿತು. ಕ್ಯಾನ್ಸರ್ ಬೇಗ ಸಿಕ್ಕಿತ್ತು, ರಿಪೋರ್ಟ್ ಚೆನ್ನಾಗಿ ಬಂತು, ಅಮ್ಮ ಸಿದ್ಧಗಂಗೆಗೆ ಹೋಗಿ ಕೈಮುಗಿದು ಬಂದಳು. "ಕೆಲವು ತಿಂಗಳು ಮೂತ್ರ ಸೋರಬಹುದು" ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಕ್ಯಾನ್ಸರ್ ಅನ್ನೋ ಪದದ ಮುಂದೆ ಆ ಮಾತು ನಮ್ಮ ಕಿವಿಗೇ ಬಿದ್ದಿರಲಿಲ್ಲ.

ಮೂರು ತಿಂಗಳಾದ ಮೇಲೆ ಡಾಕ್ಟರ್ ಕೆಲಸಕ್ಕೆ ಹೋಗಬಹುದು ಅಂದರು. ನಾನು ಬೆಂಗಳೂರಲ್ಲಿ ಕೂತು ಆನ್‌ಲೈನ್‌ನಲ್ಲಿ ಹುಡುಕಿ, ಅತಿ ಹೆಚ್ಚು ಹೀರುತ್ತೆ ಅಂತ ಬರೆದಿದ್ದ, ಅತಿ ದಪ್ಪದ ಡೈಪರನ್ನೇ ಒಂದು ದೊಡ್ಡ ಬಾಕ್ಸ್ ತರಿಸಿದ್ದೆ. ಅದನ್ನೇ ಹಾಕಿಕೊಂಡು ಹೋಗಿ ಅಪ್ಪ ಹನ್ನೊಂದಕ್ಕೆ ವಾಪಸ್ ಬಂದಿದ್ದು.

ಆ ವಾರ ರಜೆ ಹಾಕಿ ಊರಿಗೆ ಹೋದೆ. ಅಲ್ಲಿ ಕಲಿತದ್ದನ್ನ ಇಲ್ಲಿ ಬರೀತಿದೀನಿ. ಯಾಕೆಂದರೆ ನಾನು ಹುಡುಕಿದಾಗ ಸಿಕ್ಕಿದ್ದೆಲ್ಲ ಹಾಸಿಗೆ ಹಿಡಿದವರಿಗೆ ಬರೆದದ್ದು. ಡೈಪರ್ ಹಾಕಿಕೊಂಡೇ ಕೆಲಸಕ್ಕೆ ಹೋಗೋರಿಗೆ ಅಂತ ಬರೆದದ್ದು ನನಗೆ ಸಿಗಲಿಲ್ಲ.

ಮೊದಲು ಕೇಳಬೇಕಿದ್ದ ಪ್ರಶ್ನೆ

"ಏನಾಯ್ತಪ್ಪಾ ಅವತ್ತು?" ಅಂತ ಕೇಳೋಕೆ ನನಗೆ ಎರಡು ದಿನ ಬೇಕಾಯಿತು. ಕೊನೆಗೆ ಸ್ಕೂಟರಲ್ಲಿ ಹಿಂದೆ ಕೂತಿದ್ದಾಗ ಕೇಳಿದೆ. ಮುಖ ನೋಡದೆ ಮಾತಾಡೋದು ಇಬ್ಬರಿಗೂ ಸುಲಭ.

ಅಪ್ಪ ಹೇಳಿದ್ದು ಇಷ್ಟು. ನಡೆದರೆ ಪರಪರ ಸದ್ದು. ಏಣಿ ಹತ್ತೋಕೆ ಕಾಲೆತ್ತಿದಾಗ ತೊಡೆಸಂದಿಯಲ್ಲಿ ಜಾಗ ಬಿಟ್ಟುಕೊಂಡು ಅಲ್ಲಿಂದ ಸೋರಿತು. ಕೆಳಗಿನ ಸ್ವಿಚ್ ಬಾಕ್ಸ್‌ಗೆ ಕುಕ್ಕರುಗಾಲಲ್ಲಿ ಕೂತಾಗ ಇಡೀ ಡೈಪರ್ ಕೆಳಗೆ ಜಾರಿತು. ಕಟ್ಟುತ್ತಿರೋ ಮನೆ, ಬಾಗಿಲು ಕೂರಿಸಿಲ್ಲ, ಟಾಯ್ಲೆಟ್ ಇಲ್ಲ. ಬದಲಾಯಿಸೋದು ಎಲ್ಲಿ?

"ಪ್ಯಾಕೆಟ್ ಮೇಲೆ ಎಷ್ಟು ಲೀಟರ್ ಅಂತ ಬರೆದಿದ್ರೆ ನಂಗೇನು ಪ್ರಯೋಜನ ಕಣೋ? ಅರ್ಧ ಕೂಡ ತುಂಬಿರಲಿಲ್ಲ, ಪ್ಯಾಂಟ್ ಒದ್ದೆಯಾಗಿತ್ತು."

ಆಗ ನನಗೆ ಅರ್ಥವಾಯಿತು. ಎಷ್ಟು ಹೀರುತ್ತೆ ಅಂತ ಮಾತ್ರ ನೋಡಿದ್ದೆ. ಅಪ್ಪನ ಇಡೀ ದಿನ ಹೇಗಿರುತ್ತೆ ಅಂತ ಕೇಳಿರಲೇ ಇಲ್ಲ.

ಸೋರಿಕೆ ಎಷ್ಟು, ಯಾವಾಗ?

ಮೂತ್ರಕೋಶದ ಬಾಯಲ್ಲಿ ಮೂತ್ರ ತಡೆಯೋ ಸ್ನಾಯುಗಳಿವೆ. ಪ್ರಾಸ್ಟೇಟ್ ಇರೋದು ಸರಿಯಾಗಿ ಅದೇ ಜಾಗದಲ್ಲಿ. ಅದನ್ನ ತೆಗೆದಮೇಲೆ ತಡೆಯೋ ಕೆಲಸವೆಲ್ಲ ಹೊರಗಿನ ಒಂದು ಸ್ನಾಯುವಿನ ಮೇಲೆ ಬೀಳುತ್ತೆ. ಹಾಗಾಗಿ ಮಲಗಿದಾಗ ಸೋರದಿದ್ದರೂ ಕೆಮ್ಮಿದಾಗ, ಎದ್ದಾಗ, ಭಾರ ಎತ್ತಿದಾಗ ಸೋರುತ್ತೆ. ಸಂಜೆ ಹೊತ್ತಿಗೆ ಸ್ನಾಯು ದಣಿದು ಇನ್ನೂ ಜಾಸ್ತಿ. ಹೆರಿಗೆಯಾದ ಹೆಂಗಸರಲ್ಲಿ ಕಾಣೋದೂ ಬಹಳ ಸಲ ಇದೇ ಥರದ್ದು. ಇನ್ನು ಕೆಲವರಿಗೆ ಅರ್ಜೆಂಟಾಗಿ ಬಂದು, ಟಾಯ್ಲೆಟ್ ಮುಟ್ಟೋದರೊಳಗೆ ಒಮ್ಮೆಗೇ ಹೋಗಿಬಿಡುತ್ತೆ. ಸ್ವಲ್ಪ ಸ್ವಲ್ಪ ಸೋರೋರಿಗೂ ಒಮ್ಮೆಗೇ ಹೋಗೋರಿಗೂ ಬೇಕಾದ ಡೈಪರ್ ಬೇರೆ.

ಅಪ್ಪನಿಗೆ ಎಷ್ಟು ಸೋರುತ್ತೆ ಅಂತ ತಿಳಿಯೋಕೆ ತೂಕ ಹಾಕಿದೆವು. ಒಣ ಡೈಪರಿನ ತೂಕ, ಬಿಚ್ಚಿದ ಮೇಲಿನ ತೂಕ. ಒಂದು ಗ್ರಾಂ ಅಂದರೆ ಸುಮಾರು ಒಂದು ಮಿಲಿಲೀಟರ್. ನಾನು ಅಡುಗೆಮನೆಯ ಡಿಜಿಟಲ್ ತಕ್ಕಡಿಗೆ ಕೈಹಾಕಿದ್ದನ್ನ ಅಮ್ಮ ನೋಡಿದಳು. "ಅದನ್ನ ಮುಟ್ಟಿದ್ರೆ ನೋಡು!" ಬೇರೆ ತಕ್ಕಡಿ ತಂದೆವು.

ಮನೆಯಲ್ಲಿದ್ದ ದಿನ ಬೆಳಿಗ್ಗೆಯಿಂದ ಊಟದವರೆಗೆ 80 ಗ್ರಾಂ. ಮಹಡಿ ಹತ್ತಿಳಿದು, ವೈರ್ ಬಂಡಲ್ ಎತ್ತಿದ ದಿನ ಅಷ್ಟೇ ಹೊತ್ತಿಗೆ 260. ಲೀಟರ್‌ಗಟ್ಟಲೆ ಹೀರೋ ಡೈಪರ್ ಅವರಿಗೆ ಬೇಕೇ ಇರಲಿಲ್ಲ.

ಪ್ಯಾಕೆಟ್ ಮೇಲಿನ ಅಂಕಿ

ಡೈಪರ್ ಒಳಗೆ ಸೋಡಿಯಂ ಪಾಲಿಅಕ್ರಿಲೇಟ್ ಅನ್ನೋ ಪುಡಿ ಇರುತ್ತೆ. ನೀರು ಬಿದ್ದರೆ ಉಬ್ಬಿ ಜೆಲ್ ಆಗುತ್ತೆ. ಆದರೆ ಉಪ್ಪಿದ್ದರೆ ಅದರ ಹೀರುವ ಶಕ್ತಿ ಬಹಳ ಕಡಿಮೆಯಾಗುತ್ತೆ, ಮೂತ್ರದಲ್ಲಿ ಉಪ್ಪಿದೆ. ಸಾದಾ ನೀರು ಸುರಿದು ತೋರಿಸೋ ವಿಡಿಯೋಗಳನ್ನ ಅದಕ್ಕೇ ನಂಬಬೇಡಿ. ಮೇಲಾಗಿ ಕೂತಾಗ ಮೈಭಾರ ಬೀಳುತ್ತೆ, ಹರಿದದ್ದೆಲ್ಲ ಒಂದೇ ಕಡೆ ಸೇರುತ್ತೆ. ಇಡೀ ಡೈಪರ್ ತುಂಬೋ ಮೊದಲೇ ಪಕ್ಕದಿಂದ ಸೋರೋದು ಹೀಗೆ.

ನಾವು ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಹಾಕಿ, ಒಂದೊಂದು ಸಲಕ್ಕೆ 100 ಮಿಲಿ ಸುರಿದು ನೋಡಿದೆವು. ಎಷ್ಟು ಬೇಗ ಒಳಗೆ ಹೋಗುತ್ತೆ? ಐದು ನಿಮಿಷ ಬಿಟ್ಟು ಟಿಶ್ಯೂ ಇಟ್ಟು ಕೈಯಿಂದ ಒತ್ತಿದರೆ ವಾಪಸ್ ಬರುತ್ತಾ? ಓಡಾಡೋರಿಗೆ ಈ ಎರಡು ಉತ್ತರ ಮುಖ್ಯ.

ಮೂರು ಥರ, ಮೂರು ಲೆಕ್ಕ

ಅಂಟುಪಟ್ಟಿಯ ಡೈಪರ್: ಪಕ್ಕದಲ್ಲಿ ಅಂಟಿಸೋದು. ಹೆಚ್ಚು ಸೋರಿಕೆಗೆ ಸರಿ. ಶೂ, ಪ್ಯಾಂಟ್ ಪೂರ್ತಿ ಬಿಚ್ಚದೆಯೂ ಬದಲಾಯಿಸಬಹುದು. ಆದರೆ ಹಲವು ದಪ್ಪ, ಹೊರಗೆ ಪ್ಲಾಸ್ಟಿಕ್ ಇದ್ದರೆ ಸದ್ದು. ಬಗ್ಗಿ ಎದ್ದು ಮಾಡೋ ಕೆಲಸದಲ್ಲಿ ಅಪ್ಪನಿಗೆ ಪಟ್ಟಿ ಸಡಿಲವಾಗುತ್ತಿತ್ತು.

ಪ್ಯಾಂಟ್ ಥರದ ಡೈಪರ್: ಚಡ್ಡಿಯಂತೆ ಹಾಕೋದು. ಸುತ್ತ ಎಲಾಸ್ಟಿಕ್ ಇರೋದರಿಂದ ಮೈಗೆ ಕೂರುತ್ತೆ. ತೆಗೆಯುವಾಗ ಪಕ್ಕದ ಹೊಲಿಗೆ ಹರಿದರೆ ಸಾಕು. ತೊಂದರೆ ಅಂದರೆ ಹೊಸದು ಹಾಕೋಕೆ ಪ್ಯಾಂಟ್, ಶೂ ಎರಡೂ ಬಿಚ್ಚಲೇಬೇಕು. ಬದಲಾಯಿಸೋ ಜಾಗ ಸರಿಯಿಲ್ಲದಿದ್ದರೆ ಇದು ಸಣ್ಣ ವಿಷಯ ಅಲ್ಲ.

ಪ್ಯಾಡ್: ಬಿಗಿಯಾದ ಒಳಚಡ್ಡಿಯೊಳಗೆ ಅಂಟಿಸೋದು. ಗಂಡಸರಿಗೆ ಅಂತಲೇ ಮುಂಭಾಗದಲ್ಲಿ ಕೂರೋ ಪ್ಯಾಡ್‌ಗಳೂ ಇವೆ. ಒಂದು ನಿಮಿಷದಲ್ಲಿ ಬದಲಾಯಿಸಬಹುದು, ಹೊರಗೆ ಕಾಣಲ್ಲ. ಕಡಿಮೆ ಸೋರಿಕೆಗೆ ಮಾತ್ರ. ಹಿಂದೆ ಪ್ಲಾಸ್ಟಿಕ್ ಹಾಳೆ ಇರೋ ಪ್ಯಾಡನ್ನ ಡೈಪರ್ ಒಳಗಿಟ್ಟರೆ ಡಬಲ್ ರಕ್ಷಣೆ ಅಂತ ನಾನಂದುಕೊಂಡಿದ್ದೆ. ಪ್ಯಾಡ್ ತುಂಬಿದ ಮೇಲೆ ಆ ಹಾಳೆ ದಾಟಿ ಕೆಳಗಿನ ಡೈಪರ್‌ಗೆ ಏನೂ ಇಳಿಯಲ್ಲ, ಪಕ್ಕಕ್ಕೆ ಹರಿಯುತ್ತೆ.

ಮೂರರಲ್ಲೂ ಒಂದೊಂದು ಸಣ್ಣ ಪ್ಯಾಕೆಟ್ ತಂದು ಅಪ್ಪನ ಮುಂದೆ ಇಟ್ಟೆ. ಎಕ್ಸೆಲ್ ಶೀಟ್ ಕೂಡ ಮಾಡಿದ್ದೆ. ಅಪ್ಪ ಶೀಟ್ ನೋಡಲಿಲ್ಲ. ಒಂದೊಂದನ್ನೂ ಹಾಕಿಕೊಂಡು ಮನೆಯ ಏಣಿ ಹತ್ತಿದರು, ಇಳಿದರು, ಕುಕ್ಕರುಗಾಲಲ್ಲಿ ಕೂತರು, ಸ್ಕೂಟರ್ ಮೇಲೆ ಕಾಲು ಹಾಕಿದರು. ಸಂಜೆಗೆ ತೀರ್ಮಾನ ಹೇಳಿದರು: ಕೆಲಸದ ದಿನ ಪ್ಯಾಂಟ್ ಥರದ್ದು, ಬಟ್ಟೆಯಂಥ ಹೊರಪದರ ಇರೋದು, ಮನೆಯಲ್ಲಿ ಪ್ಯಾಡ್. ನನ್ನ ಶೀಟಿನಲ್ಲಿ ಮೊದಲ ಸ್ಥಾನದಲ್ಲಿದ್ದದ್ದು ಬೇರೆ.

ಸೈಜ್, ಹಾಕುವ ಕ್ರಮ

ಪ್ಯಾಂಟಿನ ಸೈಜ್ ಹೇಳಿ ಡೈಪರ್ ಕೊಳ್ಳಬೇಡಿ. ಅಪ್ಪ 36ರ ಪ್ಯಾಂಟ್ ಹಾಕೋದು ಹೊಟ್ಟೆಯ ಕೆಳಗೆ. ಟೇಪ್ ಹಿಡಿದರೆ ಹೊಕ್ಕುಳ ಹತ್ತಿರ 40 ಇಂಚು. ಸೊಂಟ, ಪೃಷ್ಠ ಎರಡನ್ನೂ ಅಳೆದು ದೊಡ್ಡ ಅಂಕಿಯನ್ನ ಪ್ಯಾಕೆಟ್ ಮೇಲಿನ ಅಳತೆ ಜೊತೆ ಹೋಲಿಸಿ. ದೊಡ್ಡ ಸೈಜ್ ಹೆಚ್ಚು ಹೀರುತ್ತೆ ಅಂತ ತಗೊಂಡರೆ ತೊಡೆ ಹತ್ತಿರ ಸಡಿಲವಾಗಿ ಸೋರುತ್ತೆ.

ಹಾಕಿಕೊಂಡ ಮೇಲೆ ತೊಡೆಸಂದಿಯ ಉದ್ದಕ್ಕೂ ಬೆರಳಾಡಿಸಿ. ಒಳಗೆ ಎರಡು ಕಡೆ ಅಂಚುಕಟ್ಟೆಯಂಥ ಪಟ್ಟಿ ಇರುತ್ತೆ, ಅದು ಮಡಚಿಕೊಂಡಿರಬಾರದು, ಎದ್ದು ನಿಂತಿರಬೇಕು. ಅಪ್ಪನ ಅರ್ಧ ಸೋರಿಕೆ ನಿಂತದ್ದೇ ಇಷ್ಟರಿಂದ. ಮೇಲೆ ಒಂದು ಬಿಗಿ ಒಳಚಡ್ಡಿ ಹಾಕಿದರೆ ಜಾರಲ್ಲ, ಸದ್ದೂ ಕಡಿಮೆ. ಗಾಢ ಬಣ್ಣದ, ಸ್ವಲ್ಪ ಸಡಿಲ ಕಾಟನ್ ಪ್ಯಾಂಟ್, ಇನ್ಸರ್ಟ್ ಮಾಡದ ಶರ್ಟ್. ಅಷ್ಟು ಸಾಕು, ಯಾರಿಗೂ ಗೊತ್ತಾಗಲ್ಲ.

ಟೂಲ್ ಬ್ಯಾಗ್ ಜೊತೆಗೆ ಈಗ ಹಳೇ ಟಿಫನ್ ಬ್ಯಾಗ್ ಒಂದಿರುತ್ತೆ: ಒಂದು ಡೈಪರ್, ಒಳಚಡ್ಡಿ, ನೀರಿನ ಬಾಟಲಿ, ಮೆತ್ತನೆ ಬಟ್ಟೆ, ಹಳೇ ಪೇಪರ್, ಕವರ್. ಕೆಲಸ ಒಪ್ಪಿಕೊಳ್ಳುವಾಗಲೇ ಅಪ್ಪ ಬಾಗಿಲಿರೋ ಒಂದು ಜಾಗ ಕೇಳ್ತಾರೆ. "ಸಾಮಾನು ಇಡೋಕೆ" ಅಂತಾರೆ, ಯಾರೂ ಇಲ್ಲ ಅನ್ನಲ್ಲ. ಬಿಚ್ಚಿದ್ದನ್ನ ಪೇಪರಲ್ಲಿ ಸುತ್ತಿ ಮನೆಗೇ ತರ್ತಾರೆ. ಸೈಟಲ್ಲಿ ಬಿಸಾಡೋದಾಗಲಿ, ಸುಡೋದಾಗಲಿ, ಕಮೋಡಿಗೆ ಹಾಕೋದಾಗಲಿ ಬೇಡ. ಕಸದ ಗಾಡಿಗೆ ಹಸಿ ಕಸ, ಒಣ ಕಸದ ಜೊತೆ ಬೆರೆಸದೆ ಬೇರೆಯಾಗಿ ಕೊಡಬೇಕು.

ಚರ್ಮ, ನೀರು, ವ್ಯಾಯಾಮ

ಒದ್ದೆ ಡೈಪರಲ್ಲಿ ದಿನವಿಡೀ ಇದ್ದರೆ ಚರ್ಮ ಕೆಂಪಾಗಿ ಉರಿಯುತ್ತೆ. ಬದಲಾಯಿಸಿದಾಗ ಬರೀ ನೀರಲ್ಲೋ ಮೃದು ಸೋಪಲ್ಲೋ ತೊಳೆದು, ಉಜ್ಜದೆ ಬಟ್ಟೆ ಒತ್ತಿ ಒರೆಸಬೇಕು. ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಸಾಕು. ಜಾಸ್ತಿ ಹಚ್ಚಿದರೆ ಡೈಪರಿಗೆ ಮೆತ್ತಿಕೊಂಡು ಅದು ಹೀರೋದೇ ಇಲ್ಲ.

ಅಪ್ಪ ಮಾಡಿದ್ದ ದೊಡ್ಡ ತಪ್ಪು ನೀರು ಕುಡಿಯೋದನ್ನೇ ಬಿಟ್ಟದ್ದು. ಮೂತ್ರ ಗಾಢವಾದರೆ ಮೂತ್ರಕೋಶಕ್ಕೆ ಕಿರಿಕಿರಿ ಜಾಸ್ತಿ, ವಾಸನೆಯೂ ಜಾಸ್ತಿ. ಈಗ ನೀರು ಮೊದಲಿನಷ್ಟೇ ಕುಡೀತಾರೆ, ಕಾಫಿ ಟೀ ಕಡಿಮೆ ಮಾಡಿದಾರೆ. ಬರಲಿ ಬಿಡಲಿ, ಎರಡು ಮೂರು ಗಂಟೆಗೊಮ್ಮೆ ಹೋಗಿ ಬರ್ತಾರೆ.

ಡೈಪರ್ ಚಿಕಿತ್ಸೆ ಅಲ್ಲ. ಕಾರಣ ಏನು ಅಂತ ಡಾಕ್ಟರೇ ಹೇಳಬೇಕು. ಮೂತ್ರದಲ್ಲಿ ರಕ್ತ, ಉರಿ, ಜ್ವರ ಇದ್ದರಂತೂ ಕಾಯಲೇಬಾರದು. ಅಪ್ಪನಿಗೆ ಫಿಸಿಯೋಥೆರಪಿಸ್ಟ್ ಕೆಗೆಲ್ ವ್ಯಾಯಾಮ ಕಲಿಸಿದರು. 1948ರಲ್ಲಿ ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ ಹೆರಿಗೆಯಾದ ಹೆಂಗಸರಿಗಾಗಿ ಬರೆದ ವ್ಯಾಯಾಮ ಅದು, ಗಂಡಸರಿಗೂ ಅದೇ. ಗಾಳಿ ತಡೆಹಿಡಿದಂತೆ ಒಳಗೆ ಬಿಗಿಹಿಡಿದು, ಕೆಲವು ಸೆಕೆಂಡ್ ನಿಲ್ಲಿಸಿ, ಸಡಿಲಿಸೋದು. ಉಸಿರು ಕಟ್ಟಬಾರದು. ಏಣಿಗೆ ಕಾಲಿಡೋ ಮೊದಲು, ಭಾರ ಎತ್ತೋ ಮೊದಲು ಒಮ್ಮೆ ಬಿಗಿಹಿಡಿಯೋದು ಈಗ ಅಪ್ಪನಿಗೆ ಅಭ್ಯಾಸ ಆಗಿದೆ.

ಏಳು ತಿಂಗಳಾಯಿತು. ಏಣಿ ಇನ್ನೂ ಅಪ್ಪನದ್ದೇ. ಈಗ ಕೆಲಸಕ್ಕೂ ಪ್ಯಾಡ್ ಸಾಕಾಗ್ತಿದೆ. ಒಂದೊಂದು ದಿನ ಸಂಜೆ ಹೊತ್ತಿಗೆ ಸೋರುತ್ತೆ, ಆ ದಿನ ಬೇಗ ಮುಗಿಸಿ ಬರ್ತಾರೆ.

ಹೋದ ತಿಂಗಳು ಊರಿಗೆ ಹೋದಾಗ ಉಳಿದಿದ್ದ ಪ್ಯಾಕೆಟ್‌ಗಳನ್ನ ಯಾರಿಗಾದರೂ ಕೊಡೋಣ ಅಂತ ಕಟ್ಟಿಡ್ತಿದ್ದೆ. ಅಮ್ಮ ಬಾಗಿಲಲ್ಲಿ ನಿಂತು ನೋಡ್ತಿದ್ದಳು.

"ಆ ಪ್ಯಾಡ್ ಹೆಂಗಸರಿಗೂ ಬರುತ್ತಾ?"

"ಬೇರೆ ಸಿಗುತ್ತಮ್ಮ. ಯಾರಿಗೆ?"

ಅಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡ್ತಾಳೆ. ದಿನಾ ಅನ್ನದ ಡಬರಿ ಎತ್ತಿ ಇಳಿಸೋ ಕೆಲಸ. "ನೀನು ಹುಟ್ಟಿದಾಗಿಂದ ಇದೆ ಕಣೋ. ಸೀನಿದ್ರೆ, ಡಬರಿ ಎತ್ತಿದ್ರೆ... ಹಳೇ ಸೀರೆ ಬಟ್ಟೆ ಮಡಚಿ ಇಟ್ಕೊಳ್ತೀನಿ. ಹೆಂಗಸರಿಗೆ ಇದೆಲ್ಲ ಇದ್ದದ್ದೇ ಅಂತ ಸುಮ್ನಿದ್ದೆ."

ನನಗೀಗ ಮೂವತ್ತು ವರ್ಷ. ಅಪ್ಪನ ಸೋರಿಕೆಯನ್ನ ಗ್ರಾಂ ಲೆಕ್ಕದಲ್ಲಿ ಬರೆದಿಟ್ಟವನು ಅದೇ ಮನೆಯಲ್ಲಿ ಅಮ್ಮನನ್ನ ಒಂದು ಮಾತು ಕೇಳಿರಲಿಲ್ಲ.

ಮುಂದಿನ ಗುರುವಾರ ಅಮ್ಮನಿಗೆ ಡಾಕ್ಟರ್ ಅಪಾಯಿಂಟ್‌ಮೆಂಟ್ ಇದೆ. ವ್ಯಾಯಾಮ ಹೇಗೆ ಅಂತ ಅಪ್ಪ ಆಗಲೇ ಹೇಳಿಕೊಡ್ತಿದಾರೆ. ತಕ್ಕಡಿ ಮಾತ್ರ ಬೇಡವೇ ಬೇಡ ಅಂದಿದಾಳೆ ಅಮ್ಮ.